ತಟ್ಟೆಗೆ ಹಾಕಿದ ಕಾರ್ಡು

ಆ ಭಾನುವಾರ ಕಾಣಿಕೆ ತಟ್ಟೆ ಎರಡು ಸಲ ಬಂತು. ಮೊದಲ ಸಲ ಕಾಣಿಕೆಗೆ. ಎರಡನೇ ಸಲ ನಮ್ಮ ವೋಟರ್ ಕಾರ್ಡುಗಳಿಗೆ.

"ಯಾರೂ ಗಾಬರಿ ಆಗ್ಬೇಡಿ," ಎಂದರು ಪಾಸ್ಟರ್. "ಕಾರ್ಡುಗಳನ್ನ ಕರ್ತನ ಸನ್ನಿಧಿಲಿಟ್ಟು ಒಂದು ವಾರ ಪ್ರಾರ್ಥನೆ ಮಾಡ್ತೀವಿ. ವೋಟಿನ ದಿನ ಬೆಳಿಗ್ಗೆ ಎಲ್ಲರೂ ಇಲ್ಲಿಗೇ ಬನ್ನಿ. ವ್ಯಾನ್ ಇರುತ್ತೆ. ನಿಮ್ಮ ಕಾರ್ಡು ನಿಮ್ಮ ಕೈಗೇ ಬರುತ್ತೆ. ಒಂದೇ ಮನೆಯವರ ಹಾಗೆ ಹೋಗಿ ನಮ್ಮ ಚರ್ಚಿನ ವಿಶ್ವಾಸಿಗೆ ವೋಟು ಹಾಕಿ ಬರೋಣ."

ನಮ್ಮ ವಿಶ್ವಾಸಿ ಮೊದಲನೇ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದ. ಆಸ್ಪತ್ರೆಯ ಬಟ್ಟೆ ಒಗೆಸುವ ಕಂಟ್ರಾಕ್ಟು ಅವನದು. ನಗರಸಭೆಯ ಚುನಾವಣೆಗೆ ನಿಂತಿದ್ದ. ಆ ಬಟ್ಟೆ ಒಗೆಯುವವರು ನಾವು. ನಮ್ಮದು ಕೊನೆಯ ನಾಲ್ಕು ಬೆಂಚು. ಅಲ್ಲೇ ಕೂರಿ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಮುಂದೆ ಹೋಗಿ ಕೂತರೆ ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ, ಅಷ್ಟೇ. ನಮ್ಮ ಮೈಯಲ್ಲಿ ಬ್ಲೀಚಿನ ವಾಸನೆ. ಎಷ್ಟು ತಿಕ್ಕಿ ತೊಳೆದರೂ ಹೋಗುವುದಿಲ್ಲ.

ತಟ್ಟೆ ನಮ್ಮ ಬೆಂಚಿಗೆ ಬಂತು. ಅಮ್ಮ ತನ್ನ ಕಾರ್ಡಿಗೆ ಮುತ್ತಿಟ್ಟು ಹಾಕಿದಳು. ಆಮೇಲೆ ನನ್ನ ಕಡೆ ನೋಡಿದಳು. ಎಂಟು ತಿಂಗಳ ಹಿಂದೆ ನನ್ನ ತಂಗಿ ಅದೇ ಕಂಟ್ರಾಕ್ಟರನ ಬಾಯ್ಲರ್ ಮುಂದೆ ಬೆಂದು ಸತ್ತಿದ್ದಳು. ಆದರೂ ಹಾಕಿದೆ. ಅವನನ್ನು ನಂಬಿ ಅಲ್ಲ, ತಟ್ಟೆ ಕಳಿಸಿದವರನ್ನು ನಂಬಿ.

ಪಾಸ್ಟರನ್ನು ನಾನು ಯಾಕೆ ನಂಬಿದೆ ಎಂಬುದನ್ನು ಹೇಳಬೇಕು. ಇಲ್ಲದಿದ್ದರೆ ಇವಳೆಂಥ ಪೆದ್ದಿ ಅಂದುಕೊಳ್ಳುತ್ತೀರಿ.

ಹನ್ನೆರಡು ವರ್ಷದ ಹಿಂದೆ ಅವರು ನಮ್ಮ ಸಾಲಿಗೆ ಸೈಕಲ್ ತುಳಿದುಕೊಂಡು ಬಂದರು. ಎದುರುಬದುರು ಮೂವತ್ತು ಮನೆಗಳು, ಎಲ್ಲವೂ ಒಂದೇ ಕೋಣೆಯವು, ನಡುವೆ ಒಂದು ನಲ್ಲಿ. ಅದುವರೆಗೆ ಯಾವ ಪಾಸ್ಟರೂ ಸಾವಿಗಲ್ಲದೆ ನಮ್ಮ ಸಾಲಿಗೆ ಬಂದವರಲ್ಲ. ಇವರು ಬಂದು ನಮ್ಮ ನೆಲದ ಮೇಲೆ ಕೂತರು. ನಮ್ಮ ಲೋಟದಲ್ಲಿ ನೀರು ಕುಡಿದರು. ಕೆಲಸ ಮುಗಿಸಿ ಬಂದ ನಮಗೆಲ್ಲ ಅಕ್ಷರ ಕಲಿಸಿದರು. ನನ್ನ ಹೆಸರನ್ನು ನಾನು ಮೊದಲ ಸಲ ಬರೆದದ್ದು ಅವರು ಹಿಡಿದುಕೊಟ್ಟ ಪೆನ್ಸಿಲ್ಲಿನಲ್ಲಿ.

ನಮ್ಮವರು ಆಗ ಯಾರೂ ವೋಟು ಹಾಕುತ್ತಿರಲಿಲ್ಲ. ಅಮ್ಮನದು ಒಂದೇ ಮಾತು. "ನಾವು ಪರಲೋಕದವರು. ಈ ಲೋಕದ ಗಲೀಜಿಗೆ ಯಾಕೆ ಕೈ ಹಾಕೋದು?"

ಪಾಸ್ಟರ್ ನಕ್ಕಿದ್ದರು. "ದಿನಾ ಊರಿನ ಗಲೀಜಿಗೆಲ್ಲ ಕೈ ಹಾಕ್ತೀರಲ್ಲಮ್ಮ. ಇದೊಂದಕ್ಕೆ ಯಾಕೆ ಬೇಡ? ನೀರು ಬಿಡೋನು ಯಾರು, ಮನೆ ಕೆಡವೋನು ಯಾರು ಅಂತ ಅಲ್ಲಿ ತೀರ್ಮಾನ ಆಗುತ್ತೆ. ನೀವು ಕೈಕಟ್ಟಿ ಕೂತ್ರೆ ಅದೂ ಒಂದು ವೋಟೇ. ನಿಮಗಿಂತ ಬಡವರಾದವರ ಬೆನ್ನ ಮೇಲೆ ಬೀಳುತ್ತೆ. ಪರಲೋಕದ ಪಟ್ಟಿಲಿ ಹೆಸರು ಬರೆಯೋನು ದೇವರು. ಈ ಪಟ್ಟಿಲಿ ನೀವೇ ಬರೆಸ್ಕೋಬೇಕು."

ಅವರೇ ಅರ್ಜಿ ತುಂಬಿದರು. ನಮ್ಮನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಒಬ್ಬ ಗುಮಾಸ್ತ ನಮ್ಮನ್ನು ಹೊರಗೆ ನಿಲ್ಲಿಸಿದಾಗ ಅವರೂ ನಮ್ಮ ಜೊತೆ ಬಿಸಿಲಲ್ಲಿ ನಿಂತರು. ಸಾಲಿನ ಎಲ್ಲರ ಕೈಗೂ ಕಾರ್ಡು ಬಂತು. ಅಂಥವರು ಅವರು. ಆ ಕಾರ್ಡನ್ನೇ ಅವರು ತಟ್ಟೆಯಲ್ಲಿ ವಾಪಸು ಕೇಳಿದಾಗ ನಾನು ಯಾಕೆ ಅನುಮಾನಪಡಲಿ?

ಇನ್ನು ನಮ್ಮ ಕೆಲಸ. ಆಸ್ಪತ್ರೆಯ ಹಿಂದೆ ತಗಡಿನ ಶೆಡ್ಡು. ಒಳಗೆ ಆಳೆತ್ತರದ ಬಾಯ್ಲರ್, ಆರು ತೊಟ್ಟಿಗಳು. ವಾರ್ಡುಗಳಿಂದ ಮೂಟೆ ಮೂಟೆ ಹಾಸಿಗೆ ಬಟ್ಟೆ ಬರುತ್ತದೆ. ರಕ್ತ, ಕೀವು, ವಾಂತಿ, ಹೇಲು. ಒಂದೊಂದು ಸಲ ಸೂಜಿ. ಹೆರಿಗೆ ಕೋಣೆಯ ಬಟ್ಟೆಯಲ್ಲಿ ಏನೇನು ಸುತ್ತಿಕೊಂಡು ಬರುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಬರಿಗೈಯಲ್ಲಿ ಬಿಡಿಸಬೇಕು. ಕೈಗವಸು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಾರೆ. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ. ಬಿಸಿನೀರು, ಸೋಡಾ, ಬ್ಲೀಚು. ಮೊದಲು ಉಗುರು ಹಳದಿಯಾಗುತ್ತದೆ. ಆಮೇಲೆ ಬುಡದಿಂದ ಎದ್ದು ಬರುತ್ತದೆ. ನನ್ನ ಎಡಗೈಯಲ್ಲಿ ಈಗ ಎರಡೇ ಉಗುರು.

ಬಾಯ್ಲರಿನ ತಲೆಯ ಮೇಲೆ, ಆವಿ ಹೆಚ್ಚಾದರೆ ತಾನೇ ತೆರೆದುಕೊಳ್ಳುವ ಒಂದು ಮುಚ್ಚಳವಿದೆ. ಅದು ಪದೇಪದೇ ತೆರೆದುಕೊಂಡು ಕೆಲಸ ನಿಲ್ಲುತ್ತಿತ್ತು. ಸೂಪರ್‌ವೈಸರ್ ಏಣಿ ಹತ್ತಿ ಅದಕ್ಕೆ ತಂತಿ ಸುತ್ತಿ ಬಿಗಿದ. ಕಂಟ್ರಾಕ್ಟರ್ ಕೆಳಗೆ ನಿಂತು, "ಇನ್ನೊಂದು ಸುತ್ತು ಬಿಗಿ," ಎಂದ. ತಂಗಿಯೂ ಸೇರಿ ನಾವು ಹನ್ನೆರಡು ಹೆಂಗಸರು ನೋಡಿದೆವು. ಒಂಬತ್ತು ದಿನದ ಮೇಲೆ, ಮಧ್ಯಾಹ್ನ ಊಟದ ಗಂಟೆಗೆ ಮುಂಚೆ, ಪೈಪಿನ ಜೋಡಣೆ ಒಡೆಯಿತು. ತಂಗಿ ತೊಟ್ಟಿಗೆ ಬಗ್ಗಿದ್ದಳು. ಅವಳಿಗೆ ಹತ್ತೊಂಬತ್ತು.

ಆರು ದಿನ ಬದುಕಿದ್ದಳು. ನಾವೇ ಒಗೆದ ಹಾಸಿಗೆ ಬಟ್ಟೆಯ ಮೇಲೆ ಮಲಗಿದ್ದಳು. ಆ ವಾರ್ಡಿನ ದೊಡ್ಡ ನರ್ಸಮ್ಮ ದಿನಕ್ಕೆ ಎರಡು ಸಲ ಪಟ್ಟಿ ಬದಲಾಯಿಸುತ್ತಿದ್ದರು. ಚರ್ಮ ಪಟ್ಟಿಯ ಜೊತೆಗೇ ಬರುತ್ತಿತ್ತು. "ಇನ್ನೊಂದೇ ಒಂದು, ಕಂದಾ, ಇನ್ನೊಂದೇ ಒಂದು," ಎಂದು ಅವರು ಹೇಳುತ್ತಿದ್ದರು. ಅವರು ನಮ್ಮ ಧರ್ಮದವರಲ್ಲ. ತಂಗಿ ಪ್ರಾರ್ಥನೆ ಬೇಕು ಎಂದಾಗ ಪಾಸ್ಟರಿಗೆ ಹೇಳಿ ಕಳಿಸಿದರು. ಪಾಸ್ಟರ್ ಬರುವುದು ತಡವಾಯಿತು. ಆಗ ನರ್ಸಮ್ಮ ನನ್ನನ್ನು ಕೇಳಿ ಕೇಳಿ, ನಮ್ಮ ಪ್ರಾರ್ಥನೆಯನ್ನು ತಪ್ಪೋ ಒಪ್ಪೋ ಅವಳ ಕಿವಿಯ ಹತ್ತಿರ ಹೇಳಿದರು. ಒಂದೊಂದು ಸಾಲಿಗೂ ನಾನು ತಡವರಿಸುತ್ತಿದ್ದೆ, ಅದಕ್ಕೆ.

ಚುನಾವಣೆಗೆ ಕಂಟ್ರಾಕ್ಟರನ ಎದುರು ನಿಂತವರು ಇದೇ ನರ್ಸಮ್ಮ. ಕೆಲಸದಿಂದ ನಿವೃತ್ತಿಯಾಗಿದ್ದರು.

ಕಾರ್ಡು ಹಾಕಿದ ಮೂರನೇ ದಿನ ಅವರು ನಮ್ಮ ಮನೆಗೆ ಬಂದರು. ವೋಟು ಕೇಳಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು.

"ನೀನು ಓದ್ತೀಯಲ್ಲ, ಓದು. ವಿಚಾರಣೆ ಫೈಲಿನಿಂದ ನಕಲು ತಗೊಂಡೆ. ಕೆಳಗಿರೋ ಸಹಿ ಯಾರದು ಅಂತ ನೀನೇ ಹೇಳು."

ಓದಿದೆ. 'ಅಪಘಾತದ ಸಮಯದಲ್ಲಿ ಕೆಲಸಗಾರ ಹೆಂಗಸರು ಭಕ್ತಿಗೀತೆ ಹಾಡುತ್ತಾ ಪ್ರಾರ್ಥನೆಯಲ್ಲಿ ಮೈಮರೆತಿದ್ದರು. ಮುಚ್ಚಳಕ್ಕೆ ತಂತಿ ಬಿಗಿದವಳು ಮೃತಳೇ ಎಂದು ತಿಳಿದುಬಂದಿದೆ. ಕುಟುಂಬದವರು ಇದನ್ನು ದೈವಚಿತ್ತವೆಂದು ಒಪ್ಪಿದ್ದಾರೆ. ಮಾಲೀಕರ ಮೇಲೆ ಅವರಿಗೆ ಯಾವ ದೂರೂ ಇಲ್ಲ.' ಕೆಳಗೆ ನಮ್ಮ ಚರ್ಚಿನ ಮೊಹರು. ಮೊಹರಿನ ಮೇಲೆ ಸಹಿ. ಆ ಕೈಬರಹ ನೋಡಿಯೇ ನಾನು ಅಕ್ಷರ ತಿದ್ದಿದ್ದು.

"ನಿಮ್ಮ ಪಾಸ್ಟರ್ದೇನಾ?"

"ಹೂಂ."

ನರ್ಸಮ್ಮ ಕಾಗದ ನನ್ನ ಕೈಯಲ್ಲೇ ಬಿಟ್ಟು ಹೋದರು. ಅಮ್ಮ ಒಲೆಯ ಹತ್ತಿರ ಕೂತಿದ್ದಳು. "ಏನಂತೆ?" ಎಂದಳು. ಓದಿ ಹೇಳಿದೆ. ಅವಳು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿ, "ಪಾಸ್ಟರ್ ಹಾಗೆ ಬರೆಯಲ್ಲ. ಯಾರೋ ಬರೆದಿರ್ತಾರೆ," ಎಂದಳು.

ಮಾರನೇ ದಿನ ಕೆಲಸ ಮುಗಿಸಿ ನೇರ ಚರ್ಚಿಗೆ ಹೋದೆ. ಪಾಸ್ಟರ್ ಒಳಕೋಣೆಯಲ್ಲಿ ಕೂತು ಭಾನುವಾರದ ಪ್ರಸಂಗ ಬರೆಯುತ್ತಿದ್ದರು. ಹಳೇ ಛಾವಣಿ ಸೋರಿ ಗೋಡೆ ಉದ್ದಕ್ಕೂ ಕಲೆ ಬಿದ್ದಿತ್ತು.

"ಬಾ ಮಗಳೇ, ಕೂರು."

ಕೂರಲಿಲ್ಲ. "ನನ್ನ ಕಾರ್ಡು ಕೊಡಿ ಪಾಸ್ಟರ್."

"ವೋಟಿನ ದಿನ ಕೊಡ್ತೀವಿ ಅಂದಿದ್ದೆನಲ್ಲ?"

"ಪ್ರಾರ್ಥನೆ ಮಾಡೋದಕ್ಕೆ ಅಂದ್ರಿ. ಎಲ್ಲಿಟ್ಟು ಮಾಡ್ತಿದ್ದೀರಿ? ಒಳಗೆ ನೋಡ್ಕೊಂಡೇ ಬಂದೆ. ಮೇಜಿನ ಮೇಲೆ ಹೂವಿನ ಕುಂಡ ಬಿಟ್ರೆ ಏನೂ ಇಲ್ಲ."

ಅವರು ಪೆನ್ನು ಕೆಳಗಿಟ್ಟರು. "ಅವರ ಆಫೀಸಲ್ಲಿದೆ. ಜೋಪಾನವಾಗಿದೆ."

ಅವರ ಆಫೀಸು ಎಂದರೆ ಕಂಟ್ರಾಕ್ಟರನದು. ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಏನೆಂದು ಗೊತ್ತಿತ್ತು.

"ನನ್ನ ತಂಗಿ ಹಾಡ್ತಿದ್ಳಾ ಪಾಸ್ಟರ್? ಅವಳಿಗೆ ರಾಗವೇ ಬರ್ತಿರಲಿಲ್ಲ. ನೀವೇ ಅಲ್ವಾ ಅವಳನ್ನ ಹಾಡೋರ ಗುಂಪಿಂದ ತೆಗೆದದ್ದು? ಮನೇಲಿ ಎರಡು ದಿನ ಅತ್ತಿದ್ಳು."

"ನಿನ್ನ ನೋವು ನನಗೆ ಅರ್ಥ ಆಗುತ್ತೆ..."

"ಏಣಿ ಹತ್ತೋಕೆ ಹೆದರ್ತಿದ್ದ ಹುಡುಗಿ ತಂತಿ ಕಟ್ಟಿದ್ಳಾ? ನಾವು ಒಪ್ಪಿದ್ದೀವಾ? ಯಾವಾಗ ಕೇಳಿದ್ರಿ ನಮ್ಮನ್ನ?"

ಅವರ ಮುಖ ಕೆಂಪಾಯಿತು. ಆಮೇಲೆ ದಣಿದವರಂತೆ ಮಾತಾಡಿದರು. "ನೋಡು, ಸತ್ತವಳು ವಾಪಸ್ ಬರಲ್ಲ. ನಾವು ಈ ಊರಲ್ಲಿ ಎಷ್ಟು ಜನ ಇದ್ದೀವಿ? ಬೆರಳೆಣಿಕೆ. ಛಾವಣಿ ಇವತ್ತೋ ನಾಳೆಯೋ ಬೀಳುತ್ತೆ. ಮಕ್ಕಳ ಶಾಲೆಗೆ ಅನುಮತಿ ಸಿಗ್ತಿಲ್ಲ. ಸ್ಮಶಾನದ ಜಾಗದ ಮೇಲೆ ಎಲ್ಲರ ಕಣ್ಣು. ನಗರಸಭೇಲಿ ನಮ್ಮವನು ಅಂತ ಒಬ್ಬ ಬೇಡ್ವಾ? ಅವನು ಜೈಲಿಗೆ ಹೋದ್ರೆ ಯಾರು ನಿಲ್ತಾರೆ? ಅವನು ತಪ್ಪು ಮಾಡಿರಬಹುದು. ಆದ್ರೆ ನಮ್ಮವನು."

"ನಮ್ಮವನು ಅಂದ್ರೆ ಯಾರು ಪಾಸ್ಟರ್? ನೀವೇ ಹೇಳಿಕೊಟ್ಟ ಕಥೆ ಇದೆಯಲ್ಲ. ಏಟು ತಿಂದು ದಾರೀಲಿ ಬಿದ್ದಿದ್ದವನನ್ನ ಎತ್ತಿ ಗಾಯ ಕಟ್ಟಿದ್ದು ಯಾರು? ನಮ್ಮವರು ಪಕ್ಕದಲ್ಲೇ ದಾಟಿ ಹೋದ್ರು. ಕಟ್ಟಿದ್ದು ಬೇರೆಯವನು. ಇವನಂತೂ ಹೊಡೆದವನೇ."

"ರಾಜಕೀಯಕ್ಕೆ ದೇವರ ವಾಕ್ಯ ತರಬೇಡ."

"ತಟ್ಟೆ ತಂದೋರು ನೀವು."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ನನಗೆ ಬೆನ್ನು ಹಾಕಿ, "ನಿನಗೆ ಓದೋಕೆ ಕಲಿಸಿದ್ದು ನಾನೇ, ನೆನಪಿರಲಿ," ಎಂದರು. ಅದು ನಿಜವೇ ತಾನೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ತಂಗಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಮಾರನೇ ದಿನ ತೊಟ್ಟಿಗಳ ಮುಂದೆ ಎಲ್ಲರಿಗೂ ಕಾಗದ ಓದಿ ಹೇಳಿದೆ. ಸೀಟಿ ನನ್ನ ಪಕ್ಕದ ತೊಟ್ಟಿಯವಳು. ಗಂಡಸರ ಹಾಗೆ ಸಿಳ್ಳೆ ಹಾಕುತ್ತಾಳೆಂದು ಆ ಹೆಸರು. ಅವಳು ಕೇಳಿ ಮುಗಿಸಿ ಥೂ ಎಂದು ಉಗಿದಳು.

"ನಾವು ಹಾಡ್ತಿದ್ವಂತಾ? ಈ ಹೊಗೇಲಿ ಉಸಿರಾಡೋಕೇ ಆಗಲ್ಲ, ಹಾಡು ಬೇರೆ ಕೇಡು. ಅಕ್ಕಾ, ನನ್ನ ವೋಟು ನರ್ಸಮ್ಮನಿಗೇ. ಬರೆದಿಟ್ಕೋ."

ಎಲ್ಲರೂ ಹಾಗೇ ಹೇಳಿದರು. ಒಬ್ಬೊಬ್ಬರಾಗಿ ಬಂದು ತೊಟ್ಟಿಯ ನೀರಿನಲ್ಲಿ ಕೈಯದ್ದಿ ಆಣೆ ಇಟ್ಟರು. ತಂಗಿ ನಿಂತಿದ್ದ ತೊಟ್ಟಿ ಅದು. ನೀರು ಸುಡುತ್ತಿತ್ತು. ಯಾರೂ ಬೇಗ ಕೈ ತೆಗೆಯಲಿಲ್ಲ. ದೇವರು ಚರ್ಚು ಬಿಟ್ಟು ಈ ಶೆಡ್ಡಿಗೆ ಬಂದಿದ್ದಾನೆ ಅನ್ನಿಸಿತು.

ವೋಟಿನ ದಿನ ಬೆಳಿಗ್ಗೆ ಚರ್ಚಿನ ಮುಂದೆ ಎರಡು ವ್ಯಾನು ನಿಂತಿದ್ದವು. ಕಾರ್ಡುಗಳ ಚೀಲ ಕಂಟ್ರಾಕ್ಟರನ ಮನೆಯ ಅಡುಗೆಯವಳ ಕೈಯಲ್ಲಿತ್ತು. ಅವಳೂ ನಮ್ಮ ಸಾಲಿನವಳೇ, ಕೊನೇ ಮನೆ. ತಂಗಿ ಸತ್ತ ಮೇಲೂ ಆ ಮನೆಯ ಕೆಲಸ ಬಿಡಲಿಲ್ಲವೆಂದು ನಾವು ಅವಳ ಜೊತೆ ಮಾತು ನಿಲ್ಲಿಸಿದ್ದೆವು. ನಲ್ಲಿಯ ಹತ್ತಿರ ಅವಳು ಬಂದರೆ ನಾವು ಕೊಡ ಎತ್ತಿಕೊಂಡು ಹೊರಡುತ್ತಿದ್ದೆವು.

ಸೂಪರ್‌ವೈಸರ್ ಹೆಸರು ಕೂಗುತ್ತಿದ್ದ. ವ್ಯಾನು ಹತ್ತಿದವರಿಗೆ ಕಾರ್ಡು. ಕಾರ್ಡಿನ ಜೊತೆ ಕಂಟ್ರಾಕ್ಟರನ ಚಿಹ್ನೆಯ ಚೀಟಿ. ನನ್ನ ಹೆಸರು ಬಂತು. ಕೈ ಚಾಚಿದೆ.

"ಮೊದಲು ಹತ್ತು."

"ಮೊದಲು ಕಾರ್ಡು."

"ಹತ್ತೇ ಮೇಲೆ. ಎಲ್ಲರಿಗೂ ಒಂದು, ನಿನಗೊಂದಾ?"

"ಕಾಲಿದೆ ನನಗೆ. ನಡ್ಕೊಂಡು ಹೋಗ್ತೀನಿ. ಕಾರ್ಡು ನನ್ನದು, ಕೊಡು."

"ನಾಳೆ ಕೆಲಸಕ್ಕೂ ಹೀಗೇ ನಡ್ಕೊಂಡು ಬಾ. ಗೇಟಿನ ಹತ್ತಿರ ನೋಡ್ಕೋತೀನಿ."

"ನೋಡ್ಕೋ."

ಅಮ್ಮ ಆಗಲೇ ವ್ಯಾನಿನ ಕಿಟಕಿಯ ಪಕ್ಕ ಕೂತಿದ್ದಳು. "ಬಾರೇ, ಎಲ್ಲರೆದುರು ಯಾಕೆ ರಂಪ," ಎಂದಳು. ಪಾಸ್ಟರ್ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಸೂಪರ್‌ವೈಸರ್ ಚೀಲಕ್ಕೆ ಕೈ ಹಾಕಿ ತಡೆಯುವ ಮೊದಲೇ ಅಡುಗೆಯವಳು ನನ್ನ ಕಾರ್ಡು ಹುಡುಕಿ ತೆಗೆದು ನನ್ನ ಅಂಗೈ ಮೇಲಿಟ್ಟಳು. ಚೀಟಿ ಕೊಡಲಿಲ್ಲ. ನಾನು ಅವಳ ಮುಖ ಕೂಡ ನೋಡದೆ ಹೊರಟೆ.

ಸೀಟಿ, ಉಳಿದವರು, ಎಲ್ಲರೂ ವ್ಯಾನು ಹತ್ತಿದರು. "ವ್ಯಾನು ಅವನದಾದ್ರೆ ಏನಕ್ಕಾ, ಬೆರಳು ನಮ್ಮದು," ಎಂದು ಸೀಟಿ ಕಿಟಕಿಯಿಂದ ಕೂಗಿದಳು. ಸರಿ ಎಂದುಕೊಂಡೆ.

ಶಾಲೆಯ ಕೋಣೆಯಲ್ಲಿ ಬೂತು. ಇಂಕು ಹಚ್ಚುವ ಮೇಷ್ಟ್ರು ನನ್ನ ಎಡಗೈ ಹಿಡಿದು ನೋಡಿದರು. "ಉಗುರೇ ಇಲ್ವಲ್ಲಮ್ಮ. ಎಲ್ಲಿಗೆ ಹಚ್ಚಲಿ?"

"ಉಗುರಿದ್ದ ಜಾಗಕ್ಕೆ ಹಚ್ಚಿ ಸಾರ್."

ಹಚ್ಚಿದರು. ಹಸಿ ಚರ್ಮಕ್ಕೆ ಇಂಕು ಬಿದ್ದು ಚುರ್ ಎಂದಿತು. ರಟ್ಟಿನ ಮರೆಯ ಹಿಂದೆ ನಾನೊಬ್ಬಳೇ ನಿಂತೆ. ಪ್ರಾರ್ಥನೆ ಮಾಡಲಿಲ್ಲ. ನರ್ಸಮ್ಮ ತಂಗಿಯ ಕಿವಿಯ ಹತ್ತಿರ ತಪ್ಪುತಪ್ಪಾಗಿ ಹೇಳಿದ ಆ ಪ್ರಾರ್ಥನೆ ಸಾಕು ಅನ್ನಿಸಿತು. ಒತ್ತಿದೆ.

ಮೂರನೇ ದಿನ ಎಣಿಕೆ. ಕಂಟ್ರಾಕ್ಟರ್ ಗೆದ್ದ. ಅದು ನನಗೆ ಗೊತ್ತೇ ಇತ್ತು. ಊರು ದೊಡ್ಡದು, ಅವನ ಕೈ ಉದ್ದ. ಆದರೆ ನಗರಸಭೆಯ ಗೋಡೆಗೆ ಬೂತುವಾರು ಪಟ್ಟಿ ಅಂಟಿಸಿದ್ದರು. ಗುಂಪಿನಲ್ಲಿ ನುಗ್ಗಿ ಹುಡುಕಿದೆ. ನಮ್ಮ ಸಾಲಿನವರದೆಲ್ಲ ಒಂದೇ ಬೂತು. ಅಲ್ಲಿ ನರ್ಸಮ್ಮನಿಗೆ ಬಿದ್ದದ್ದು ನಾಲ್ಕು.

ನಾಲ್ಕು.

ಮತ್ತೆ ಓದಿದೆ. ಬೆರಳಿಟ್ಟು ಓದಿದೆ. ನಾಲ್ಕೇ.

ಶೆಡ್ಡಿಗೆ ಹೋದೆ. ಗೇಟಿನಲ್ಲಿ ಸೂಪರ್‌ವೈಸರ್ ಹಿಂದಿನ ಎರಡು ದಿನದ ಹಾಗೇ ನನ್ನನ್ನು ತಡೆದ. "ನಿನ್ನ ಹೆಸರಿಲ್ಲ ಇಲ್ಲಿ, ಹೋಗು." ಅಲ್ಲಿಂದಲೇ ಒಳಗೆ ಕೂಗಿದೆ. "ನಾಲ್ಕೇ ಬಿದ್ದಿದೆ! ಹನ್ನೊಂದು ಕೈ ಅದ್ದಿದ್ವಲ್ಲ!" ಹತ್ತು ಮುಖಗಳು ಆವಿಯೊಳಗಿಂದ ತಿರುಗಿದವು. "ನಾನು ಹಾಕಿದೆ ಅಕ್ಕಾ, ದೇವರಾಣೆ," ಎಂದಳು ಸೀಟಿ ಎಲ್ಲರಿಗಿಂತ ಮೊದಲು. ಆಮೇಲೆ ಉಳಿದವರು. ಹತ್ತು ಜನವೂ ಹಾಕಿದ್ದಾರಂತೆ. ಯಾರ ಕಣ್ಣನ್ನು ನೋಡಲಿ? ಎಲ್ಲರೂ ಬಟ್ಟೆ ಹಿಂಡುತ್ತಿದ್ದರು.

ಮನೆಗೆ ಬಂದೆ. ಅಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಕೇಳುವ ಮೊದಲೇ ಅವಳೇ ಹೇಳಿದಳು.

"ನಾನು ಅವನಿಗೇ ಹಾಕ್ದೆ."

ಚಪ್ಪಲಿ ಬಿಡಲು ಬಗ್ಗಿದ್ದವಳು ತಲೆಯೆತ್ತಿದೆ.

"ವ್ಯಾನಲ್ಲಿ ಪಾಸ್ಟರ್ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ರು. ವಿಶ್ವಾಸಿ ಮೇಲೆ ಕೈ ಎತ್ತೋದು ಪಾಪ ಅಂತ. ಆ ಪೆಟ್ಟಿಗೆ ಮುಂದೆ ನಿಂತು ದೇವರನ್ನ ಕೇಳ್ದೆ. ಏನು ಮಾಡ್ಲಿ ಹೇಳು ಅಂದೆ. ಅವನು ಮಾತಾಡ್ಲಿಲ್ಲ. ಸುಮ್ಮನಿದ್ದಾನೆ ಅಂದ್ರೆ ಒಪ್ಪಿಗೆ ಅಂದ್ಕೊಂಡೆ."

"ಅಮ್ಮಾ, ನಿನ್ನ ಮಗಳನ್ನ ಬೇಯಿಸಿದವನು ಅವನು."

"ಗೊತ್ತು."

"ಆಮೇಲೂ ಹಾಕಿದ್ಯಾ?"

"ಪಾಸ್ಟರ್ ಸುಳ್ಳು ಹೇಳ್ತಾರೆ ಅಂತ ಆದ್ರೆ," ಅವಳ ಕೈ ಮೊರದಲ್ಲೇ ನಿಂತಿತು, "ಅವಳು ಪರಲೋಕದಲ್ಲಿದ್ದಾಳೆ ಅಂದ್ರಲ್ಲ, ಅದೂ ಸುಳ್ಳಾಗುತ್ತಲ್ಲೇ. ಆಮೇಲೆ ನಾನು ಯಾವುದನ್ನ ಹಿಡ್ಕೊಳ್ಳಲಿ?"

ಅವಳ ಮಡಿಲಿನಿಂದ ಮೊರ ತೆಗೆದುಕೊಂಡು ಒಳಗಿಟ್ಟೆ. ಆ ದಿನ ನಾವಿಬ್ಬರೂ ಊಟ ಮಾಡಲಿಲ್ಲ.

ಭಾನುವಾರ ಚರ್ಚಿನಲ್ಲಿ ಕೃತಜ್ಞತಾ ಆರಾಧನೆ ಇಟ್ಟರು. ಹೋಗಬಾರದೆಂದಿದ್ದೆ. ಆಮೇಲೆ ಅನ್ನಿಸಿತು, ನಾನು ಯಾಕೆ ಹೋಗಬಾರದು? ಆ ಮನೆ ಪಾಸ್ಟರದ್ದಲ್ಲ, ಕಂಟ್ರಾಕ್ಟರನದೂ ಅಲ್ಲ. ವಾರವಾರ ಅದರ ನೆಲ ಒರೆಸಿದವಳು ನಾನು. ಹೋಗಿ ಅಮ್ಮನ ಪಕ್ಕ ಕೂತೆ.

ಕಂಟ್ರಾಕ್ಟರನನ್ನು ಮುಂದೆ ನಿಲ್ಲಿಸಿದರು. ಹೊಸ ಛಾವಣಿಯ ಮಾತು ಬಂತು. ಚಪ್ಪಾಳೆ ಬಿತ್ತು. "ದೇವರು ನಮಗೆ ಕೊಟ್ಟ ಈ ಸೇವಕನಿಗಾಗಿ ಎಲ್ಲರೂ ಎದ್ದು ನಿಂತು ಸ್ತೋತ್ರ ಸಲ್ಲಿಸೋಣ," ಎಂದರು ಪಾಸ್ಟರ್. ಬೆಂಚುಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು. ಅಮ್ಮ ಎದ್ದಳು. ಸೀಟಿ ಎದ್ದಳು.

ನಾನು ಏಳಲಿಲ್ಲ.

ಹಿರಿಯರೊಬ್ಬರು ನಡುವಿನ ದಾರಿಯಲ್ಲಿ ಬಂದು ನನ್ನ ಭುಜ ತಟ್ಟಿದರು. "ಏಳಮ್ಮ, ಪ್ರಾರ್ಥನೆ."

"ದೇವರಿಗಾದ್ರೆ ಮೊಣಕಾಲೂರ್ತೀನಿ. ಇವನಿಗೆ ಏಳಲ್ಲ."

ಮೆಲ್ಲಗೆ ಹೇಳಿದ್ದೆ. ಆದರೂ ಗೋಡೆಯವರೆಗೆ ಕೇಳಿಸಿತು. ಪಾಸ್ಟರರ ದನಿ ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು. ತಲೆಗಳು ನನ್ನ ಕಡೆ ತಿರುಗಿದವು. ಆಗ ನಿಂತವರ ನಡುವಿನ ಸಂದಿಯಲ್ಲಿ ನನಗೆ ಮುಂದಿನ ತಲೆಗಳ ಸಾಲಿನಲ್ಲಿ ಒಂದು ಖಾಲಿ ಜಾಗ ಕಂಡಿತು. ಎರಡನೇ ಬೆಂಚು, ಕಂಟ್ರಾಕ್ಟರನ ಮನೆಯವರ ಹಿಂದೆ. ಅವನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಯವಳು ಕೂತೇ ಇದ್ದಳು. ಕಂಟ್ರಾಕ್ಟರನ ಹೆಂಡತಿ ಹಿಂತಿರುಗಿ, ಏಳು ಎಂದು ಸನ್ನೆ ಮಾಡಿದಳು. ಅಡುಗೆಯವಳು ಮಗುವನ್ನು ಎತ್ತಿ ಅದರ ತಾಯಿಯ ಕೈಗೆ ಕೊಟ್ಟಳು. ಕೊಟ್ಟು, ಖಾಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತಳು. ನಾಳೆ ಅವಳಿಗೂ ಕೆಲಸವಿರುವುದಿಲ್ಲ. ಅವಳಿಗೂ ಅದು ಗೊತ್ತಿತ್ತು.

ಎಂಟು ತಿಂಗಳು ನಾನು ಅವಳಿಗೆ ನಲ್ಲಿಯ ಹತ್ತಿರ ಜಾಗ ಬಿಟ್ಟಿರಲಿಲ್ಲ.

ಪ್ರಾರ್ಥನೆ ಉದ್ದವಾಯಿತು. ಅಮ್ಮ ಮುಂದಿನ ಬೆಂಚಿನ ಹಲಗೆ ಹಿಡಿದು ನಿಂತಿದ್ದಳು. ಕೂರು ಎಂದು ನಾನು ಹೇಳಲಿಲ್ಲ. ಅವಳಿಗೆ ಹೇಳಿದವರು ಸಾಕಷ್ಟು ಜನ ಆಗಿದ್ದರು. ಅವಳೂ ಕೂರಲಿಲ್ಲ.

ಕೊನೆಗೆ ಪಾಸ್ಟರ್ ಕೈಯೆತ್ತಿದರು. ಚರ್ಚಿಗೆ ಚರ್ಚೇ 'ಆಮೆನ್' ಎಂದಿತು. ಸೀಟಿಯ ದನಿ ಎಲ್ಲದರ ಮೇಲೆ ಕೇಳಿಸಿತು.

ನಾನು ಅಮ್ಮನ ಬಾಯಿಯನ್ನೇ ನೋಡುತ್ತಿದ್ದೆ. ಹುಟ್ಟಿದಂದಿನಿಂದ ಒಂದು ಪ್ರಾರ್ಥನೆಗೂ ಆಮೆನ್ ತಪ್ಪಿಸದ ಬಾಯಿ. ಅದು ಮುಚ್ಚಿಕೊಂಡೇ ಇತ್ತು.